ಶ್ರುತಿಪೆಟ್ಟಿಗೆಯ ಪುಟ್ಟ ದೀಪಗಳು



ನಮ್ಮ ಮೈಸೂರಿನ ಅರಮನೆಯ ದೀಪಾಲಂಕಾರವನ್ನು ನೀವೆಲ್ಲರೂ ಕಂಡಿರುವಿರಿ. ಸುಮಾರು 97,000 ಬಲ್ಬುಗಳು ಒಮ್ಮೆಗೇ ಬೆಳಗುವಾಗ ನೋಡುವವರ ಕಣ್ಣು ತಣಿಯುವುದು. ಚಾಮರಾಜಪುರಂ ನಿಲ್ದಾಣದ ಮೂಲಕ ಹಾದುಹೋಗುವ ರೈಲಿನ ಮಾರ್ಗದಲ್ಲಿ ಕಾಣುವ ಸಿಗ್ನಲ್ ದೀಪಗಳಾದರೋ ಕೆಲವೇ. ಅವುಗಳ ಚೆಲುವನ್ನು ಹೊಗಳುವವರಿಲ್ಲ; ಆದರೂ ರೈಲಿನೊಳಗಿರುವ ಜನರ ಪ್ರಾಣವು ಅವುಗಳನ್ನು ನೆಚ್ಚಿಕೊಂಡಿರುವುದು. ಆದುದರಿಂದ ದೀಪಗಳಲ್ಲಿ ಎರಡು ಬಗೆಗಳುಂಟೆಂದು ತಿಳಿಯಿರಿ: ಅಲಂಕಾರದ ದೀಪ ಒಂದು, ಸಮಾಚಾರವನ್ನು ತಿಳಿಸುವ ದೀಪ ಇನ್ನೊಂದು. ಸಂಗೀತದ ಉಪಕರಣವನ್ನು ಕೈಯಾರೆ ಮಾಡುವವರು ಈ ಭೇದವನ್ನು ಮರೆಯಬಾರದೆಂಬುದೇ ಈ ಪಾಠದ ಸಾರಾಂಶವು.

ಇಂಥ ಕೆಲಸವು ನಮ್ಮ ನಾಡಿಗೆ ಹೊಸತಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯ ಪ್ರಸಾರವನ್ನು ಆರಂಭಿಸಿದರು. ಎಂಜಿನಿಯರರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರಚಿಸಿದರು. ಈ ಮಾದರಿಗಳಿಂದ ಉತ್ಸಾಹಗೊಂಡು ನಮ್ಮ ವಿಜ್ಞಾನ ಸಂಘದ ಬಾಲಿಕೆಯರೂ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಒಂದು ಶ್ರುತಿಪೆಟ್ಟಿಗೆಯನ್ನು ಮಾಡಿದರು. ಅದರ ಮುಖದ ಮೇಲೆ ಮೂರು ನೀಲಿ ಎಲ್‌ಇಡಿ ದೀಪಗಳನ್ನು ಇಟ್ಟರು. ಹಗಲಿನಲ್ಲಿ ಪ್ರಯೋಗಶಾಲೆಯ ಮೇಜಿನ ಮೇಲೆ ಅವು ಬಹು ಸೊಗಸಾಗಿ ಕಂಡವು, ನಾನೂ ಮೆಚ್ಚಿಕೊಂಡೆನು.

ಕ್ರಿಸ್ಮಸ್ ಗೀತೆಗಳ ಸಂಜೆ ಸಭಾಂಗಣದ ದೀಪಗಳನ್ನು ಆರಿಸಿ ಮೇಣದ ಬತ್ತಿಗಳನ್ನು ಹಚ್ಚಿದೆವು. ಆಗ ಆ ನೀಲಿ ಬೆಳಕು ಮುಂದಿನ ಸಾಲಿನಲ್ಲಿದ್ದವರ ಕಣ್ಣನ್ನು ಚುಚ್ಚಿತು. ಹಾಡುವವಳಿಗೆ ಪುಸ್ತಕದ ಅಕ್ಷರಗಳು ಕಾಣದಾದವು. ಇದಕ್ಕಿಂತ ದೊಡ್ಡ ಕೇಡು ಆಮೇಲೆ ಬಂದಿತು. ಮೂರನೆಯ ಗೀತೆಯ ನಡುವೆ ಬ್ಯಾಟರಿಯು ಸೋತು ಶ್ರುತಿಯು ಮೆಲ್ಲನೆ ಕೆಳಗಿಳಿಯಿತು. ದೀಪಗಳಾದರೋ ಉರಿಯುತ್ತಲೇ ಇದ್ದವು. ದೀಪ ಉರಿಯುತ್ತಿರುವುದರಿಂದ ಪೆಟ್ಟಿಗೆಯು ಸರಿಯಾಗಿದೆಯೆಂದೂ ತನ್ನ ಕಂಠವೇ ತಪ್ಪಿತೆಂದೂ ಭ್ರಮಿಸಿ ಆ ಹುಡುಗಿಯು ಹಾಡನ್ನು ನಿಲ್ಲಿಸಿ ಕಣ್ಣೀರಿಟ್ಟಳು. ತಪ್ಪು ಅವಳದಾಗಿರಲಿಲ್ಲ, ದೀಪವನ್ನು ಪರೀಕ್ಷಿಸದೆ ಒಪ್ಪಿಕೊಂಡ ನಮ್ಮದಾಗಿತ್ತು. ಮರುದಿನವೇ ಪೆಟ್ಟಿಗೆಯನ್ನು ಬಿಚ್ಚಿ ಕುಳಿತು ಕೆಳಗಿನ ಮೂರು ವಿಷಯಗಳನ್ನು ಕಲಿತೆವು.

1. ಬಣ್ಣ

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬವರು 1962ರಲ್ಲಿ ಮಾಡಿ ತೋರಿಸಿದರು. ಪ್ರಖರವಾದ ನೀಲಿಯು ದೊರೆತದ್ದು 1990ರ ದಶಕದಲ್ಲಿ. ಅದಕ್ಕಾಗಿ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನವು ಬಂದಿತು. ನೀಲಿಯು ಮಹತ್ತಾದ ಶೋಧನೆಯೇ ಸರಿ. ಆದರೆ ಕತ್ತಲೆಯ ಸಭೆಗೆ ತಕ್ಕುದಲ್ಲ. ಏಕೆಂದರೆ, ಹಗಲಿನಲ್ಲಿ ನಮ್ಮ ಕಣ್ಣು ಹಳದಿ ಬೆರೆತ ಹಸಿರನ್ನು ಹೆಚ್ಚಾಗಿ ಗ್ರಹಿಸುವುದು; ಕತ್ತಲಾದಂತೆ ಅದು ನೀಲಿಯ ಕಡೆಗೆ ವಾಲುವುದು, ಕೆಂಪು ಮಂಕಾಗುವುದು. ಬೊಹೀಮಿಯದ ಪುರ್ಕಿನ್ಯೆ ಎಂಬ ವಿದ್ವಾಂಸನು 19ನೆಯ ಶತಮಾನದಲ್ಲಿಯೇ ಇದನ್ನು ಗಮನಿಸಿದ್ದನು. ಇದಲ್ಲದೆ ನೀಲಿ ಬೆಳಕು ಕಣ್ಣಿನೊಳಗೆ ಹೆಚ್ಚಾಗಿ ಚದರುವುದು. ಹಗಲಿನಲ್ಲಿ ಸೌಮ್ಯವಾಗಿದ್ದುದು ರಾತ್ರಿಯಲ್ಲಿ ಉಗ್ರವಾದದ್ದು ಹೀಗೆ.

ಬಣ್ಣಕ್ಕೆ ಲೋಕದಲ್ಲಿ ಅರ್ಥವೂ ಉಂಟು: ಕೆಂಪು ಅಪಾಯಕ್ಕೆ, ಹಳದಿ ಎಚ್ಚರಿಕೆಗೆ, ಹಸಿರು ಕ್ಷೇಮಕ್ಕೆ. ಪೆಟ್ಟಿಗೆಯು ನಡೆಯುತ್ತಿದೆಯೆಂದು ಹೇಳುವುದಕ್ಕೆ ಹಸಿರು ಸಾಕು. ಕೆಂಪನ್ನು ಕೆಡುಕಿನ ಸುದ್ದಿಗಾಗಿ ಕಾದಿಡಿರಿ. ಆದರೆ ಬಣ್ಣವೊಂದನ್ನೇ ನಂಬಬೇಡಿರಿ. ಕೆಂಪು ಹಸಿರುಗಳ ಭೇದವನ್ನು ಕಾಣಲಾರದವರು ಅನೇಕರಿರುವರು. ಸ್ತ್ರೀಯರಿಗಿಂತ ಪುರುಷರಲ್ಲಿ ಅವರ ಸಂಖ್ಯೆ ಬಹಳ ಹೆಚ್ಚು. ರಸಾಯನಶಾಸ್ತ್ರಜ್ಞನಾದ ಜಾನ್ ಡಾಲ್ಟನನು ಇಂಥವನೇ ಆಗಿದ್ದು, 1794ರಲ್ಲಿ ತನ್ನ ಈ ಕೊರತೆಯನ್ನು ತಾನೇ ವರ್ಣಿಸಿದನು. ಆದುದರಿಂದ ಒಂದೊಂದು ಸಮಾಚಾರಕ್ಕೂ ಬೇರೆ ಸ್ಥಳವಿರಲಿ. ಆದಿತಾಳದ 8 ಎಣಿಕೆಗಳಿಗೆ 8 ದೀಪಗಳನ್ನು ಸಾಲಾಗಿಡುವಾಗ ಮೊದಲನೆಯದನ್ನು ಬೇರೆ ಬಣ್ಣದ್ದಾಗಿ ಮಾಡುವುದಲ್ಲದೆ ತುಸು ದೂರದಲ್ಲಿಯೂ ಇಡತಕ್ಕದ್ದು.

2. ಕಾಂತಿ

ಸಾಧಾರಣವಾದ ಪುಟ್ಟ ಎಲ್‌ಇಡಿಗೆ 20 ಮಿಲಿ ಆಂಪಿಯರ್ ಪ್ರವಾಹವೆಂಬುದು ಮೇಲಿನ ಮಿತಿ. ಅಷ್ಟನ್ನೂ ಕೊಡಲೇಬೇಕೆಂಬ ನಿಯಮವಲ್ಲ. ಈಗಿನ ದೀಪಗಳಿಗೆ 1 ಮಿಲಿ ಆಂಪಿಯರ್ ಬಹುಮಟ್ಟಿಗೆ ಸಾಕು. ಲೆಕ್ಕವು ಹೀಗೆ: ಬ್ಯಾಟರಿ 9 ವೋಲ್ಟ್, ಕೆಂಪು ದೀಪವು ತೆಗೆದುಕೊಳ್ಳುವುದು ಸುಮಾರು 2, ಉಳಿದದ್ದು 7. 10 ಮಿಲಿ ಆಂಪಿಯರಿಗೆ 7 ÷ 0.01 = 700 ಓಮ್; 1 ಮಿಲಿ ಆಂಪಿಯರಿಗೆ 7 ÷ 0.001 = 7,000 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ರೆಸಿಸ್ಟರುಗಳು 680 ಮತ್ತು 6,800. ನೀಲಿಗೂ ಈಗಿನ ಪ್ರಖರ ಹಸಿರಿಗೂ ಸುಮಾರು 3 ವೋಲ್ಟ್ ಬೇಕು; ಹಳೆಯ ಬಗೆಯ ಮಂದ ಹಸಿರಿಗೆ 2 ಸಾಕು.

ಇನ್ನೊಂದು ಮಾತು. ಪ್ರವಾಹವನ್ನು ಅರ್ಧ ಮಾಡಿದರೆ ಕಣ್ಣಿಗೆ ಬೆಳಕು ಅರ್ಧವಾದಂತೆ ತೋರುವುದಿಲ್ಲ. ಸ್ವಲ್ಪವೇ ತಗ್ಗಿದಂತೆ ಕಾಣುವುದು. ಆದುದರಿಂದ ತಗ್ಗಿಸುವಾಗ ಧೈರ್ಯವಾಗಿ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ ನೋಡಿರಿ. ಕಿಟಕಿಯ ಬಳಿ ಒಮ್ಮೆ, ಕತ್ತಲೆಯ ಕೋಣೆಯಲ್ಲಿ ಒಮ್ಮೆ, ಹಾಡುವವಳು ಕುಳಿತುಕೊಳ್ಳುವ ದೂರದಲ್ಲಿ ಒಮ್ಮೆ ಪರೀಕ್ಷಿಸಿರಿ. ಇದರಲ್ಲಿ ಮಿತವ್ಯಯವೂ ಉಂಟು. ಬ್ಯಾಟರಿಯಲ್ಲಿ 500 ಮಿಲಿ ಆಂಪಿಯರ್-ಗಂಟೆಗಳ ಸತ್ತ್ವವಿದೆಯೆಂದು ಭಾವಿಸಿದರೆ, 20ರಂತೆ ಉರಿಯುವ ಒಂದೇ ದೀಪವು ಅದನ್ನು 25 ಗಂಟೆಗಳಲ್ಲಿ ತಿಂದುಬಿಡುವುದು. 1ರಂತೆ ಉರಿದರೆ 500 ಗಂಟೆ ಬೇಕು. ನಮ್ಮ ಮೂರು ನೀಲಿ ದೀಪಗಳೇ ಆ ಸಂಜೆ ಶ್ರುತಿಯ ಆಹಾರವನ್ನು ಕಸಿದುಕೊಂಡಿದ್ದವು.

3. ದೀಪದ ಸಾಕ್ಷಿ

ಬ್ಯಾಟರಿಯ ತಂತಿಗೆ ನೇರವಾಗಿ ಸೇರಿಸಿದ ದೀಪವು ವಿದ್ಯುತ್ತು ಉಂಟೆಂದು ಮಾತ್ರ ಹೇಳುವುದು. ಸಾಕಷ್ಟು ಉಂಟೆಂದು ಹೇಳುವುದಿಲ್ಲ. ಈಗ ನಾವು ಶ್ರುತಿಯ ಭಾಗಕ್ಕೆ 5 ವೋಲ್ಟಿನ ರೆಗ್ಯುಲೇಟರನ್ನು ಇಟ್ಟಿದ್ದೇವೆ. ಅದು ಸರಿಯಾಗಿ ಕೆಲಸ ಮಾಡಲು ಬ್ಯಾಟರಿಯಿಂದ ಸುಮಾರು 7 ವೋಲ್ಟ್ ಬರಬೇಕು. ಹಳೆಯ ಬಗೆಯ ಹಸಿರು ದೀಪದೊಡನೆ 5.1 ವೋಲ್ಟಿನ ಜೀನರ್ ಡಯೋಡನ್ನೂ 1,800 ಓಮ್ ರೆಸಿಸ್ಟರನ್ನೂ ಸಾಲಾಗಿ ಸೇರಿಸಿದೆವು. 2 ಮತ್ತು 5.1 ಕೂಡಿದರೆ 7.1 ಅಷ್ಟೆ. ಬ್ಯಾಟರಿಯು 7 ವೋಲ್ಟಿನ ಸಮೀಪಕ್ಕೆ ಇಳಿದಂತೆ ದೀಪವು ಮಂಕಾಗಿ ನಂದಿಹೋಗುವುದು. ಜೀನರನ್ನು ತಿರುಗಿಸಿ ಸೇರಿಸಬೇಕೆಂಬುದನ್ನು ಮರೆಯಬೇಡಿರಿ. ಅದರ ಪಟ್ಟೆಯಿರುವ ತುದಿಯು ಬ್ಯಾಟರಿಯ ಧನ ತುದಿಯ ಕಡೆಗಿರಲಿ. ಬಿಡಿಭಾಗಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದರಿಂದ, ಸೋತ ಬ್ಯಾಟರಿಯೊಂದನ್ನು ಇಟ್ಟು ಅಳೆದು ನೋಡಿಯೇ ಮುಚ್ಚಳವನ್ನು ಮುಚ್ಚತಕ್ಕದ್ದು.

ಮುಂದಿನ ಕೂಟದಲ್ಲಿ ಅದೇ ಹುಡುಗಿಯು ಅದೇ ಗೀತೆಯನ್ನು ಹಾಡಿದಳು. ಪೆಟ್ಟಿಗೆಯ ಮೇಲೆ ಒಂದೇ ಒಂದು ಹಸಿರು ಚುಕ್ಕೆ ಇದ್ದಿತು. ಸಭಿಕರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಹಾಡಲು ಆರಂಭಿಸುವ ಮುನ್ನ ಅವಳು ಮಾತ್ರ ಅದನ್ನು ಒಮ್ಮೆ ನೋಡಿಕೊಂಡಳು.

ದೀಪವನ್ನು ಮರೆಮಾಡದೆ ದೀಪಸ್ತಂಭದ ಮೇಲೆ ಇಡಬೇಕೆಂದು ಕರ್ತನು ಸಾಮ್ಯದಲ್ಲಿ ಬೋಧಿಸಿದನಷ್ಟೆ. ಆ ದೀಪವು ಮನೆಯಲ್ಲಿರುವವರಿಗೆ ದಾರಿ ತೋರಿಸುವುದಕ್ಕಾಗಿಯೇ ಹೊರತು ಅವರ ಕಣ್ಣನ್ನು ಕುಕ್ಕುವುದಕ್ಕಲ್ಲ. ನೀವು ಮಾಡುವ ದೀಪಗಳೂ ನೀವೂ ಹಾಗೆಯೇ ಇರಬೇಕೆಂದು ನನ್ನ ಪ್ರಾರ್ಥನೆ.

ಅಭ್ಯಾಸ

(1) 6 ವೋಲ್ಟಿನ ಬ್ಯಾಟರಿಗೆ ನೀಲಿ ದೀಪವನ್ನು 1 ಮಿಲಿ ಆಂಪಿಯರಿನಂತೆ ಉರಿಸಲು ಎಷ್ಟು ಓಮ್ ಬೇಕು?
(2) ನಿಮ್ಮ ಮನೆಯಲ್ಲಿರುವ ಯಂತ್ರಗಳ ದೀಪಗಳನ್ನು ರಾತ್ರಿ ನೋಡಿ, ಯಾವುದು ಸಮಾಚಾರಕ್ಕಾಗಿ, ಯಾವುದು ಬರಿಯ ಅಲಂಕಾರಕ್ಕಾಗಿ ಇರುವುದೆಂದು ಪಟ್ಟಿ ಮಾಡಿರಿ.