ಪಳಗುವುದು ಹೆಡ್‌ಫೋನೋ, ಕಿವಿಯೋ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ದಿನವೂ ಹಾಸನದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಹೆಡ್‌ಫೋನ್ ಧರಿಸದವರು ವಿರಳ. ಅವರಲ್ಲೊಬ್ಬನು ಈಚೆಗೆ ನಮ್ಮನ್ನು ಪ್ರಶ್ನಿಸಿದನು: “ಸಾರ್, ಕೂಡಿಟ್ಟ ಹಣದಲ್ಲಿ ಹೊಸ ಹೆಡ್‌ಫೋನ್ ತಂದೆ. ನಾದ ಒರಟಾಗಿದೆ. 200 ಗಂಟೆ ನುಡಿಸಿದರೆ ಪಳಗುತ್ತದೆ, ಮೇಲೊಂದು ಆಂಪ್ಲಿಫೈಯರ್ ಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?” ಪದಾರ್ಥವನ್ನು ಹಿಂತಿರುಗಿಸಲು ಅವನಿಗಿದ್ದ ಅವಧಿ 10 ದಿನ. ದಿನಕ್ಕೆ 8 ಗಂಟೆಯಂತೆ ನುಡಿಸಿದರೂ 200 ಗಂಟೆಗೆ 25 ದಿನ ಬೇಕು! ಉತ್ತರವನ್ನು ಬೇಗನೆ ಹುಡುಕಬೇಕಾಯಿತು.

ಹೊಸ ಕಾವಲಿಯನ್ನು ಪಳಗಿಸುವುದು ಎಲ್ಲರೂ ಬಲ್ಲ ಸಂಗತಿ. ಎಣ್ಣೆ ಕಾದು ಕಬ್ಬಿಣದ ಮೇಲೆ ಗಟ್ಟಿಯಾದ ಪದರವಾಗುತ್ತದೆ. ಬದಲಾವಣೆ ಕಣ್ಣಿಗೇ ಕಾಣುತ್ತದೆ. ಹೆಡ್‌ಫೋನಿನಲ್ಲಿ ಆಗುವುದೇನು? ಅದರೊಳಗೆ ಅಯಸ್ಕಾಂತ ಕ್ಷೇತ್ರದಲ್ಲಿ ತಂತಿಯ ಹಗುರವಾದ ಸುರುಳಿಯೊಂದಿದೆ. ಅದಕ್ಕೆ ತೆಳುವಾದ ಪೊರೆ ಅಂಟಿದೆ. ವಿದ್ಯುತ್ಪ್ರವಾಹ ಏರಿಳಿದಂತೆ ಪೊರೆ ಕಂಪಿಸಿ ಗಾಳಿಯಲ್ಲಿ ಶಬ್ದದ ಅಲೆಗಳನ್ನೆಬ್ಬಿಸುತ್ತದೆ. ಬಳಕೆಯಿಂದ ಪೊರೆಯ ಅಂಚು ತುಸು ಸಡಿಲಗೊಳ್ಳುವುದುಂಟು; ಆದರೆ ಆ ವ್ಯತ್ಯಾಸ ಅತ್ಯಲ್ಪ. ಹೆಡ್‌ಫೋನನ್ನು ತೆಗೆದು ಮತ್ತೆ ಧರಿಸುವಾಗ ಅದು ಸ್ವಲ್ಪ ಸರಿದು ಕುಳಿತರೂ ನಾದ ಅದಕ್ಕಿಂತ ಹೆಚ್ಚಾಗಿ ಬದಲಾಗುತ್ತದೆ.

ಹಾಗಾದರೆ ಪಳಗುವುದು ಯಾವುದು? ಬಹುಮಟ್ಟಿಗೆ ನಮ್ಮ ಕಿವಿ ಮತ್ತು ಮನಸ್ಸು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದನ್ನು ಇಲ್ಲಿ ನೆನೆಯಬಹುದು. ಯಂತ್ರದಿಂದ ಹೊರಟ ಶಬ್ದವು ನಾದವಾಗುವುದು ಕೇಳುವವನ ಮನಸ್ಸಿನಲ್ಲಿಯೇ.

ಇದನ್ನು ಪರೀಕ್ಷಿಸಿ ನೋಡಿದೆವು. ಒಂದೇ ಮಾದರಿಯ ಎರಡು ಹೆಡ್‌ಫೋನುಗಳು; ಒಂದು ಹೊಸದು, ಇನ್ನೊಂದು ಗೆಳೆಯನೊಬ್ಬ ಬಹುಕಾಲ ಬಳಸಿದ್ದು. ವಿದ್ಯಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ, ನಾಣ್ಯ ಚಿಮ್ಮಿ ಬಂದಂತೆ ಒಂದೊಂದನ್ನು ತೊಡಿಸಿದೆವು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರಾದ ಆರ್. ಕೆ. ಶ್ರೀಕಂಠನ್ ಅವರ ಗಾಯನದ ಒಂದೇ ಭಾಗವನ್ನು ಒಂದೇ ಗಟ್ಟಿತನದಲ್ಲಿ 10 ಸಲ ಕೇಳಿಸಿದೆವು. ಬರಿಯ ಊಹೆಯಿಂದ 9 ಅಥವಾ 10 ಸಲ ಸರಿ ಹೇಳುವ ಸಂಭವ 1024ರಲ್ಲಿ 11 ಮಾತ್ರ. ನಮ್ಮ ಹುಡುಗ ಸರಿ ಹೇಳಿದ್ದು 6 ಸಲ. ಊಹೆಗೂ ಇಷ್ಟು ಸಾಧ್ಯ.

ಇನ್ನು ಆಂಪ್ಲಿಫೈಯರ್. ಇಲ್ಲಿ ಲೆಕ್ಕವೇ ದಾರಿದೀಪ. ಅವನ ಹೆಡ್‌ಫೋನಿನ ವಿದ್ಯುತ್ ತಡೆ 32 ಓಮ್. 1 ಮಿಲಿವಾಟ್ ಶಕ್ತಿಗೆ ಅದು ಕೊಡುವ ಶಬ್ದಮಟ್ಟ 100 ಡೆಸಿಬೆಲ್. ಸಂಗೀತದ ಕ್ಷಣಿಕ ಶಿಖರಗಳಿಗೆ 110 ಡೆಸಿಬೆಲ್ ಬೇಕೆನ್ನೋಣ. 10 ಡೆಸಿಬೆಲ್ ಏರಲು ಶಕ್ತಿ ಹತ್ತು ಪಟ್ಟಾಗಬೇಕು. ಎಂದರೆ 10 ಮಿಲಿವಾಟ್. ಶಕ್ತಿಯನ್ನು ತಡೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟೇಜು ದೊರೆಯುತ್ತದೆ: ಸುಮಾರು 0.57 ವೋಲ್ಟ್. ಅವನ ಫೋನಿನಲ್ಲಿ ಅಳೆದಾಗ 1 ವೋಲ್ಟ್ ಸಿಕ್ಕಿತು. ಆಂಪ್ಲಿಫೈಯರ್ ಅನಾವಶ್ಯಕ! ಅದೇ ತಡೆ 300 ಓಮ್ ಆಗಿದ್ದರೆ 1.73 ವೋಲ್ಟ್ ಬೇಕಾಗುತ್ತಿತ್ತು. ಆಗ ಕೊಳ್ಳುವುದು ಸಾರ್ಥಕ. ಕೊಳ್ಳುವಾಗ ಆಂಪ್ಲಿಫೈಯರಿನ ಸ್ವಂತ ತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರದಿರಲಿ.

ಸದ್ದು ಏರಿದರೆ ನಾದವೂ ಉತ್ತಮವಾದಂತೆ ತೋರುವುದು ಕಿವಿಯ ಸ್ವಭಾವ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳಿರುವ ಮಿತಿ ಸರಾಸರಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಹೆಡ್‌ಫೋನ್ ಕೆಟ್ಟರೆ ಬೇರೊಂದನ್ನು ತರಬಹುದು, ಕಿವಿಯನ್ನು ತರಲಾಗದು.

ನಮ್ಮ ವಿದ್ಯಾರ್ಥಿಯು ಒಂಬತ್ತನೆಯ ದಿನ ಹೆಡ್‌ಫೋನನ್ನು ಹಿಂತಿರುಗಿಸಿ, ಮೊದಲ ದಿನವೇ ಕಿವಿಗೆ ಹಿತವಾದ ಇನ್ನೊಂದನ್ನು ತಂದನು. ಆಂಪ್ಲಿಫೈಯರಿನ ಹಣ ಅವನಲ್ಲಿಯೇ ಉಳಿಯಿತು.