ಏಳದ ಗಣಕಯಂತ್ರ ಮತ್ತು ಅದರೊಳಗಿನ ಪಠ್ಯ

ಗ್ರಂಥಸಂಪಾದನೆಯನ್ನು ಅಭ್ಯಸಿಸುವ ವಿದ್ಯಾರ್ಥಿಗೆ ‘ಆಕರ’ ಎಂದೊಡನೆ ನೆನಪಾಗುವುದು ಓಲೆಗರಿ, ಕಡತ, ಕೋರಿಕಾಗದದ ಹಸ್ತಪ್ರತಿ. ಸಂಖದಿಂದ ಬಹು ದೂರವೇನೂ ಇಲ್ಲದ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಬಿದ್ದಿದ್ದ ಇಂಥ ಕಟ್ಟುಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅಂದು ಆಕರಗಳಿದ್ದದ್ದು ಜಗುಲಿಯಲ್ಲಿ, ಅಟ್ಟದಲ್ಲಿ, ಮಠದ ಪೆಟ್ಟಿಗೆಯಲ್ಲಿ. ಇಂದಿನ ಅಟ್ಟದಲ್ಲಿ ಬೇರೊಂದು ಪೆಟ್ಟಿಗೆಯೂ ಇದೆ: 2000ದ ಆಸುಪಾಸಿನಲ್ಲಿ ಕೊಂಡು, ಹತ್ತಾರು ವರ್ಷ ಬಳಸಿ, ಈಗ ಹಳೆಯ ಸೀರೆಯ ಮುಸುಕಿನಡಿ ಕುಳಿತಿರುವ ಮನೆಯ ಗಣಕಯಂತ್ರ.

ಜತ್ತ ತಾಲೂಕಿನ ಮೂಡಣ ಹಳ್ಳಿಗಳಲ್ಲಿ ಈ ಪೆಟ್ಟಿಗೆಗೆ ವಿಶೇಷ ಬೆಲೆಯುಂಟು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಗುರುಗಳ ಮನೆಯಲ್ಲೋ, ಭಜನಾ ಮೇಳ ನಡೆಸಿದವರ ಮನೆಯಲ್ಲೋ ಇಂಥ ಯಂತ್ರವಿದ್ದರೆ, ಅದರಲ್ಲಿ ಬೀಸುವ ಪದ, ಡೊಳ್ಳಿನ ಪದ, ಅಲಾಯಿ ಪದ, ತತ್ವಪದಗಳು ಬೆರಳಚ್ಚಾಗಿ ಉಳಿದಿರುವ ಸಾಧ್ಯತೆ ಇದೆ. ಹಾಡಿದವರಲ್ಲಿ ಹಲವರು ಈಗ ಇಲ್ಲ. ಬರೆದುಕೊಂಡ ನೋಟುಪುಸ್ತಕ ರದ್ದಿಗೆ ಹೋಗಿರಬಹುದು. ಯಂತ್ರದೊಳಗಿನ ಪ್ರತಿಯೇ ಏಕೈಕ ಪ್ರತಿ ಆಗಿದ್ದ ಪಕ್ಷದಲ್ಲಿ ಅದರ ಗುಂಡಿ ಒತ್ತುವ ಕೈಗೆ ಓಲೆಗರಿಯ ಕಟ್ಟು ಬಿಚ್ಚುವ ಕೈಯಷ್ಟೇ ಎಚ್ಚರ ಬೇಕು.

ಮೊದಲಿಗೆ ಮಾತಿನ ಎಚ್ಚರ. ಈ ಭಾಗದಲ್ಲಿ ‘ಕಂಪ್ಯೂಟರ್ ಬಂದ್ ಬಿದ್ದೈತಿ’ ಎನ್ನುತ್ತಾರೆ. ಮರಾಠಿಯ ‘ಬಂದ್ ಪಡಲಾ’ ಎಂಬ ಪ್ರಯೋಗ ಕನ್ನಡದ ಕ್ರಿಯಾಪದವನ್ನು ತೊಟ್ಟು ಬಂದಿರುವ ರೂಪವಿದು. ಭಾಷಾಸಂಪರ್ಕದ ಪಾಠಕ್ಕೆ ಒಳ್ಳೆಯ ಉದಾಹರಣೆ, ರೋಗನಿದಾನಕ್ಕೆ ಮಾತ್ರ ಏನೂ ಸಾಲದು. ಏಕೆಂದರೆ ಈ ಒಂದು ವಾಕ್ಯದಲ್ಲಿ ಕನಿಷ್ಠ ನಾಲ್ಕು ಸ್ಥಿತಿಗಳು ಅಡಗಿವೆ. ಗುಂಡಿ ಒತ್ತಿದರೂ ದೀಪ ಹತ್ತದಿರುವುದು ಒಂದು. ದೀಪ ಹತ್ತಿ, ಪಂಖ ತಿರುಗಿ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುವುದು ಇನ್ನೊಂದು. ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿ ಅಲ್ಲಿಗೇ ನಿಲ್ಲುವುದು ಮೂರನೆಯದು. ವಿಂಡೋಸ್‌ನ ಗುರುತು ಕಾಣಿಸಿಕೊಂಡು ಯಂತ್ರ ಮತ್ತೆ ಮೊದಲಿಗೆ ಮರಳುವುದು ನಾಲ್ಕನೆಯದು. ನಾಲ್ಕಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಕಂಡದ್ದನ್ನು ಕಂಡ ಕ್ರಮದಲ್ಲಿ, ಪರದೆಯ ಮೇಲಿನ ವಾಕ್ಯವನ್ನು ಅಕ್ಷರಶಃ, ಚೀಟಿಯಲ್ಲಿ ಬರೆದುಕೊಂಡ ವಿದ್ಯಾರ್ಥಿ ಅರ್ಧ ಕೆಲಸ ಮುಗಿಸಿದಂತೆ. ಕ್ಷೇತ್ರಕಾರ್ಯದ ಟಿಪ್ಪಣಿಗೂ ಇದೇ ನಿಯಮವಷ್ಟೆ.

ದೀಪವೇ ಹತ್ತದಿದ್ದಾಗ ಯಂತ್ರವನ್ನು ದೂರುವ ಮೊದಲು ಗೋಡೆಯನ್ನು ನೋಡಬೇಕು. ಅದೇ ಪ್ಲಗ್ಗಿಗೆ ಒಂದು ಟೇಬಲ್ ದೀಪ ಹಾಕಿ ಪರೀಕ್ಷಿಸುವುದು, ಬಳಿಕ ತಂತಿಯನ್ನು ಬದಲಿಸಿ ನೋಡುವುದು ಉಚಿತ. ಪೆಟ್ಟಿಗೆಯ ಹಿಂಬದಿಯಲ್ಲಿ ತಂತಿ ಸೇರುವೆಡೆ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಧೂಳು ಒರೆಸುವಾಗ ಅದು ಆರಿಹೋಗಿರುವುದುಂಟು. ಕೆಲವು ಹಳೆಯ ಯಂತ್ರಗಳಲ್ಲಿ ಅದರ ಪಕ್ಕದಲ್ಲೇ 115 ಮತ್ತು 230 ಎಂದು ಬರೆದ ಕೆಂಪು ಜಾರುಗುಂಡಿ ಬೇರೆ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲಿಯೇ ಇರತಕ್ಕದ್ದು. ಆಟಕ್ಕೆಂದು ಮಕ್ಕಳು 115ಕ್ಕೆ ಸರಿಸಿದ್ದು ಗಮನಕ್ಕೆ ಬಾರದೆ ವಿದ್ಯುತ್ತು ಹರಿಸಿದರೆ ಒಳಗಿನ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ. ಭಾರನಿಯಮನದ ಕಾಲದಲ್ಲಿ ಹೋಗಿ ಬರುತ್ತಿದ್ದ ವಿದ್ಯುತ್ತಿನ ಏರಿಳಿತಕ್ಕೆ ಮೊದಲು ಬಲಿಯಾದದ್ದೂ ಅದೇ ಭಾಗ. ಅದು ಕೆಟ್ಟಿದ್ದರೆ ಬದಲಿಸಬಹುದು; ಬಿಚ್ಚಿ ನೋಡಬಾರದು. ತಂತಿ ಕಿತ್ತ ಮೇಲೆಯೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಸ್ವಲ್ಪ ಕಾಲ ಉಳಿದಿರುತ್ತದೆ. ಹಳೆಯ, ಹಿಂಬದಿ ಉದ್ದವಾಗಿರುವ ಗಾಜಿನ ಕೊಳವೆಯ ಮಾನಿಟರ್‌ಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಬಹುಪಾಲು ಯಂತ್ರಗಳು ಎರಡನೆಯ ಸ್ಥಿತಿಯಲ್ಲಿ ಸಿಕ್ಕುತ್ತವೆ: ಪಂಖ ತಿರುಗುತ್ತದೆ, ಪರದೆ ಮೂಕ. ಮಾನಿಟರ್‌ಗೆ ತನ್ನದೇ ತಂತಿ, ತನ್ನದೇ ಗುಂಡಿ ಇರುವುದನ್ನು ಮರೆಯಬಾರದು. ಅದು ಸರಿಯಿದ್ದಲ್ಲಿ ಕಿವಿಗೊಟ್ಟು ಕೇಳಬೇಕು. ಯಂತ್ರವು ಎಚ್ಚರಗೊಂಡ ಕ್ಷಣ ತನ್ನ ಅಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪರದೆಗೆ ಬರೆಯಲಾಗದ ದೋಷವನ್ನು ‘ಬೀಪ್’ ಸದ್ದುಗಳಲ್ಲಿ ಹೇಳುತ್ತದೆ. ಸದ್ದಿನ ಲೆಕ್ಕ ಬಯೋಸ್ ತಯಾರಕರಿಗೆ ತಕ್ಕಂತೆ ಬೇರೆಯಾಗುತ್ತದೆ. ಆದರೂ ನಿಲ್ಲದೆ ಮರುಕಳಿಸುವ ದೀರ್ಘ ಸದ್ದು ಬಹುಮಟ್ಟಿಗೆ ರ್‍ಯಾಮ್ ಪಟ್ಟಿಯ ಕಡೆ ಬೆರಳು ತೋರುತ್ತದೆ.

ರ್‍ಯಾಮ್ ಸರಿಪಡಿಸಲು ಬೇಕಾಗುವ ಉಪಕರಣ ಶಾಲೆಯ ಚೀಲದಲ್ಲೇ ಇದೆ: ಪೆನ್ಸಿಲ್ ಅಳಿಸುವ ರಬ್ಬರು. ತಂತಿಯನ್ನು ಗೋಡೆಯಿಂದ ಕಿತ್ತು, ಉಳಿದ ವಿದ್ಯುತ್ತು ಇಳಿಯಲೆಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆಯಬೇಕು. ಸಂಖದಂಥ ಒಣ ಸೀಮೆಯಲ್ಲಿ ಒಳಗಡೆ ಮಣ್ಣಿನ ಹಾಸೇ ಕಾಣಬಹುದು. ಇರುವೆಯ ಸಾಲು, ಹಲ್ಲಿಯ ಮೊಟ್ಟೆ, ಇಲಿ ಕಡಿದ ತಂತಿ ಕಂಡರೂ ಅಚ್ಚರಿಪಡಬೇಕಿಲ್ಲ. ಒಣ ಬಣ್ಣದ ಕುಂಚದಿಂದ ಮೆಲ್ಲಗೆ ಧೂಳು ಸರಿಸುವುದು. ಒದ್ದೆ ಬಟ್ಟೆ ಸಲ್ಲ. ಒಣ ಹವೆಯಲ್ಲಿ ಮೈಯ ಮೇಲೆ ಸ್ಥಿರವಿದ್ಯುತ್ತು ಕೂಡಿರುತ್ತದೆಯಾದ್ದರಿಂದ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ತಗಡನ್ನು ಮುಟ್ಟಿ, ಆಮೇಲೆ ರ್‍ಯಾಮ್ ಪಟ್ಟಿಯ ಎರಡೂ ಕೊನೆಯ ಕೊಂಡಿಗಳನ್ನು ಹೊರಕ್ಕೆ ತಳ್ಳಿ ಪಟ್ಟಿಯನ್ನು ಎತ್ತಬೇಕು. ಅದರ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ಕಚ್ಚು ಹೊಂದುವ ದಿಕ್ಕಿನಲ್ಲಿ ಮರಳಿ ಕೂಡಿಸಿ, ಕೊಂಡಿಗಳು ‘ಟಕ್’ ಎನ್ನುವವರೆಗೆ ಒತ್ತಿದರೆ ಸಾಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡುವುದರಿಂದ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸುವುದು, ಫಲವನ್ನು ಬರೆದಿಡುವುದು: ಅವಸರದಲ್ಲಿ ಎಲ್ಲರೂ ಮೀರುವ ಕ್ರಮ ಇದೇ.

ತಗಡು ತೆಗೆದಿರುವಾಗಲೇ ಮದರ್‌ಬೋರ್ಡಿನ ಮೇಲಿನ ಸಣ್ಣ ಉರುಳೆಗಳಂತಹ ಕೆಪ್ಯಾಸಿಟರ್‌ಗಳನ್ನೂ ನೋಡಬೇಕು. ಅವುಗಳ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಬೋರ್ಡಿನ ಕಾಲ ಮುಗಿದಿದೆ ಎಂದೇ ಎಣಿಸಬಹುದು; 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಇದು ಸಾಮಾನ್ಯ ವ್ಯಾಧಿಯಾಗಿತ್ತು. ಅದಕ್ಕಾಗಿ ದುಃಖಿಸಬೇಕಾಗಿಲ್ಲ, ಪಠ್ಯವಿರುವುದು ಬೋರ್ಡಿನಲ್ಲಲ್ಲ.

ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಬಿಲ್ಲೆಯೂ ಉಂಟು: ಸಿಆರ್2032 ಎಂಬ ಮೂರು ವೋಲ್ಟಿನ ಬ್ಯಾಟರಿ. ಹೆಸರಿನಲ್ಲೇ ಅದರ ಅಳತೆ ಇದೆ, 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಯಂತ್ರ ಮಲಗಿರುವಾಗಲೂ ಒಳಗಿನ ಗಡಿಯಾರವನ್ನು ನಡೆಸುವುದು ಇದೇ. ವರ್ಷಗಟ್ಟಲೆ ಬಿದ್ದ ಯಂತ್ರದಲ್ಲಿ ಇದು ಬತ್ತಿರುತ್ತದೆ. ಆಗ ಪರದೆಯ ಮೇಲೆ ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ಮಾತು ಮೂಡಿ ಯಂತ್ರ ನಿಲ್ಲುತ್ತದೆ. ಎಫ್1 ಒತ್ತಿದರೆ ಸಾಮಾನ್ಯವಾಗಿ ಮುಂದುವರಿಯುತ್ತದೆ. ಹೊಸ ಬಿಲ್ಲೆ ಕೈಗಡಿಯಾರದ ಅಂಗಡಿಯಲ್ಲೂ ದೊರೆಯುವ ವಸ್ತು.

ಸಂಪಾದಕನಿಗೆ ಈ ಬಿಲ್ಲೆಯಲ್ಲಿ ಇನ್ನೊಂದು ಪಾಠವಿದೆ. ಗಡಿಯಾರ ನಿಂತ ಯಂತ್ರವು ತಾನು ಹುಟ್ಟಿದ ವರ್ಷಕ್ಕೆ ಮರಳಿ, ಅಂದು ಉಳಿಸಿದ ಕಡತಕ್ಕೆ ಆ ಸುಳ್ಳು ದಿನಾಂಕವನ್ನೇ ಹಚ್ಚುತ್ತದೆ. ಹಸ್ತಪ್ರತಿಯ ಕಾಲವನ್ನು ಲಿಪಿಯಿಂದ, ಪುಷ್ಪಿಕೆಯಿಂದ ನಿರ್ಧರಿಸುವವರು ಒಂದೇ ಸಾಕ್ಷ್ಯವನ್ನು ನೆಚ್ಚುವುದಿಲ್ಲ. ಕಡತದ ದಿನಾಂಕವನ್ನೂ ಹಾಗೆಯೇ ಸಂಶಯದಿಂದ ನೋಡಬೇಕು. ಮತ್ತೊಂದು ಅಪಾಯವೂ ಇದೆ. ಹಳೆಯ ಕಡತವನ್ನು ತೆರೆದು ಒಂದು ಅಲ್ಪವಿರಾಮ ತಿದ್ದಿ ಉಳಿಸಿದರೂ ‘ಕೊನೆಯ ಬದಲಾವಣೆ’ಯ ಹಳೆಯ ದಿನಾಂಕ ಅಳಿಸಿಹೋಗುತ್ತದೆ. ಆದುದರಿಂದ ತೆರೆಯುವ ಮೊದಲೇ ಕಡತಗಳ ಪಟ್ಟಿಯನ್ನು ದಿನಾಂಕಸಹಿತ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದರೂ ಆದೀತು.

ಮೂರನೆಯ, ನಾಲ್ಕನೆಯ ಸ್ಥಿತಿಗಳಲ್ಲಿ ದೋಷ ಹಾರ್ಡ್ ಡಿಸ್ಕಿನಲ್ಲಿಯೋ ಅದರ ಮೇಲಿನ ವಿಂಡೋಸ್‌ನಲ್ಲಿಯೋ ಇರುವ ಸಂಭವ ಹೆಚ್ಚು. ಇಲ್ಲಿ ಅತ್ಯಂತ ಹಾನಿ ಮಾಡುವುದು ರೋಗವಲ್ಲ, ಅವಸರದ ವೈದ್ಯ. ‘ಫಾರ್ಮ್ಯಾಟ್ ಹೊಡೆದು ಕೊಡ್ತೀವಿ’ ಎಂಬ ಮಾತು ರಿಪೇರಿ ಅಂಗಡಿಗಳಲ್ಲಿ ಎಲ್ಲರೂ ಕೇಳಿರುವಂಥದ್ದು. ಯಂತ್ರವೇನೋ ಎದ್ದು ಕುಳಿತುಕೊಳ್ಳುತ್ತದೆ, ಹಾಡುಗಳು ಹೋಗಿರುತ್ತವೆ. ಯಂತ್ರವನ್ನು ಅಂಗಡಿಗೆ ಕೊಡುವುದಾದರೆ ‘ಡೇಟಾ ಬೇಕು, ಫಾರ್ಮ್ಯಾಟ್ ಬೇಡ’ ಎಂದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಬೇಕು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ.

ಅದಕ್ಕಿಂತ ಉತ್ತಮ ದಾರಿ, ಯಂತ್ರವನ್ನು ಎಬ್ಬಿಸುವ ಹಟವನ್ನೇ ಬಿಡುವುದು. ನಾಲ್ಕು ತಿರುಪು ಬಿಚ್ಚಿದರೆ ಡಿಸ್ಕು ಹೊರಬರುತ್ತದೆ. 40 ಸೂಜಿಗಳ ಅಗಲ ಪಟ್ಟಿತಂತಿಯದಾದರೆ ಅದು ಐಡಿಇ, ಕಿರಿದಾದ ತಂತಿಯದಾದರೆ ಸಾಟಾ. ಎರಡಕ್ಕೂ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ದೊಡ್ಡ ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ತು ಕೊಡುವ ಮಾದರಿಯನ್ನೇ ಕೊಳ್ಳಬೇಕು. ಅದರ ಮೂಲಕ ಇಂದಿನ ಲ್ಯಾಪ್‌ಟಾಪಿಗೆ ಜೋಡಿಸಿದರೆ ಹಳೆಯ ಡಿಸ್ಕು ಪೆನ್‌ಡ್ರೈವಿನಂತೆ ತೆರೆದುಕೊಳ್ಳಬಹುದು. ‘ಫಾರ್ಮ್ಯಾಟ್ ಮಾಡಲೇ?’ ಎಂದು ವಿಂಡೋಸ್ ಕೇಳಿದರೆ ಬೇಡವೆನ್ನಬೇಕು. ಡಿಸ್ಕಿನಿಂದ ‘ಟಿಕ್ ಟಿಕ್’ ಎಂಬ ತಾಳಬದ್ಧ ಸದ್ದು ಬಂದರೆ ಒಡನೆ ವಿದ್ಯುತ್ತು ತೆಗೆಯಬೇಕು: ಓದುವ ಸೂಜಿ ಹಳಿ ತಪ್ಪಿದೆ, ಪ್ರತಿ ಪ್ರಯತ್ನವೂ ಗಾಯವನ್ನು ಹಿಗ್ಗಿಸಬಹುದು, ಮುಂದಿನದು ದತ್ತಾಂಶ ಮರಳಿಸುವ ಪರಿಣತರ ಕೆಲಸ.

ಡಿಸ್ಕು ತೆರೆದ ಮೇಲೆ ವಿಂಡೋಸ್ 98ರಲ್ಲಾದರೆ ‘ಮೈ ಡಾಕ್ಯುಮೆಂಟ್ಸ್’, ಎಕ್ಸ್‌ಪಿಯಲ್ಲಾದರೆ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಮೊದಲು ನೋಡಬೇಕಾದ ಕೋಶಗಳು. ಜೊತೆಗೆ ವಿಂಡೋಸ್ ಕೋಶದೊಳಗಿನ ‘ಫಾಂಟ್ಸ್’ ಕೋಶವನ್ನೂ ಇಡಿಯಾಗಿ ನಕಲು ಮಾಡಿಕೊಳ್ಳಬೇಕು. ಇದನ್ನು ಬಿಟ್ಟವರು ಮರುದಿನವೇ ಪರಿತಪಿಸುತ್ತಾರೆ. ನಕಲಾದ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ರೋಮನ್ ಅಕ್ಷರಗಳ ಕಸ ಕಾಣುತ್ತದೆ. ‘ಕೆಟ್ಟುಹೋಗಿದೆ’ ಎಂದು ಅಳಿಸುವವರಿದ್ದಾರೆ. ಅದು ಕೆಟ್ಟಿಲ್ಲ. ಕನ್ನಡಕ್ಕೆ ಯೂನಿಕೋಡ್ ಸ್ಥಾನ 1991ರಲ್ಲೇ ದೊರೆತಿದ್ದರೂ ವಿಂಡೋಸ್‌ನಲ್ಲಿ ಅದಕ್ಕೆ ಆಸರೆ ದೊರೆತದ್ದು 2001ರ ಎಕ್ಸ್‌ಪಿಯಿಂದ. ಅದರ ಆಚೀಚಿನ ಬಹಳಷ್ಟು ಬೆರಳಚ್ಚು ನಡೆದದ್ದು ಬರಹ, ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಫಾಂಟುಗಳಲ್ಲಿ. ಅವು ಉಳಿಸಿದ್ದು ಅಕ್ಷರವನ್ನಲ್ಲ, ಅಕ್ಷರದ ತುಂಡುಗಳನ್ನು.

ನುಡಿಯಲ್ಲಿ ‘ಕ’ ಎಂಬುದು ಎರಡು ತುಂಡು: ರೋಮನ್ ದೊಡ್ಡ ‘ಪಿ’ಯ ಸ್ಥಾನದಲ್ಲಿ ತಲೆಕಟ್ಟಿಲ್ಲದ ಕಕಾರದ ಒಡಲು, ಬೇರೊಂದು ಸ್ಥಾನದಲ್ಲಿ ತಲೆಕಟ್ಟು. ‘ಮ’ ಇನ್ನೂ ಸ್ವಾರಸ್ಯಕರ; ವಕಾರದ ಒಡಲು, ತಲೆಕಟ್ಟು, ಮತ್ತು ‘ಕು’ ಬರೆಯಲು ಬಳಸುವ ಅದೇ ಕೊಂಬು. ಬಳಪ ಹಿಡಿದ ಮಗು ‘ವ’ಕ್ಕೆ ಕೊಂಬು ಎಳೆದು ‘ಮ’ ಮಾಡುವಂತೆಯೇ ಈ ಫಾಂಟು ಮಾಡುತ್ತದೆ. ‘ಧರ್ಮ’ ಎಂಬಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಧ, ಮ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಾದರೋ ಉಚ್ಚಾರದ ಕ್ರಮದಲ್ಲಿ ಧ, ರ್, ಮ. ಮರಾಠಿ ಬಲ್ಲ ವಿದ್ಯಾರ್ಥಿಗೆ ಇದು ಹೊಸತಲ್ಲ: ಹಳೆಯ ದೇವನಾಗರಿ ಫಾಂಟುಗಳಲ್ಲಿ ಹ್ರಸ್ವ ಇಕಾರದ ಚಿಹ್ನೆಯನ್ನು ವ್ಯಂಜನಕ್ಕಿಂತ ಮೊದಲೇ ಒತ್ತಬೇಕಾಗಿತ್ತು. ಕಣ್ಣಿನ ಕ್ರಮವನ್ನು ನಾಲಗೆಯ ಕ್ರಮಕ್ಕೆ ತಿರುಗಿಸುವುದೇ ಪರಿವರ್ತಕ ತಂತ್ರಾಂಶದ ಕೆಲಸ. ಅದು ಎಡವುವುದೂ ಅರ್ಕಾವೊತ್ತಿನಲ್ಲಿ, ಎರಡು ಒತ್ತು ಕೂಡಿದೆಡೆಯಲ್ಲಿ.

ಹೀಗೆ ಬಂದ ಪಠ್ಯದಲ್ಲಿ ಮೂರು ಬಗೆಯ ‘ತಪ್ಪು’ಗಳಿರುತ್ತವೆ, ಅವನ್ನು ಬೇರ್ಪಡಿಸದೆ ಪೆನ್ನು ಎತ್ತಬಾರದು. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದಿದ್ದರೆ ಅದು ಪರಿವರ್ತಕದ ದೋಷ, ತಿದ್ದಬಹುದು. ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯ ಅಂಕಿ ಕುಳಿತಿದ್ದರೆ ಅದು ಬೆರಳಚ್ಚಿನ ದೋಷ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಆದರೆ ಸೊನ್ನೆಯಿಂದ ಬರೆದ ‘ಸಂಖ’ ಹುಡುಕಿದರೆ ಸಿಗುವುದಿಲ್ಲ. ಇದನ್ನೂ ತಿದ್ದಬಹುದು, ತಿದ್ದಿದೆನೆಂದು ಟಿಪ್ಪಣಿ ಹಾಕಬೇಕು. ‘ಐತಿ’, ‘ಹೋಗ್ಯಾನ’, ‘ಬಂದ್ ಬಿದ್ದೈತಿ’ ಎಂಬಲ್ಲಿ ಮಾತ್ರ ಕೈ ತಡೆಯಬೇಕು. ಅದು ಹಾಡಿದವಳ ಪಾಠ. ಕಾಗುಣಿತ ಪರೀಕ್ಷಕ ಅದರಡಿ ಕೆಂಪು ಗೆರೆ ಎಳೆದರೆ ಎಳೆಯಲಿ.

ಬರಹದ ಕಡತಗಳು ‘ಬಿಆರ್‌ಎಚ್’ ಎಂಬ ಬಾಲದಿಂದ ಗುರುತಿಗೆ ಸಿಗುತ್ತವೆ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಕಡತಗಳಿಗೆ ಆ ತಂತ್ರಾಂಶವೇ ಬೇಕಾಗುವುದರಿಂದ ಹಳೆಯ ಯಂತ್ರ ಎದ್ದಿದ್ದರೆ ಅದರಲ್ಲಿಯೇ ತೆರೆದು ಪಠ್ಯವನ್ನು ಬೇರೆಯಾಗಿ ಉಳಿಸಿಕೊಳ್ಳುವುದು ಲೇಸು. ಮೂಲ ಕಡತಗಳನ್ನು ಒಂದು ಕೋಶದಲ್ಲಿ ಮುಟ್ಟದೆ ಇಟ್ಟು, ಪರಿವರ್ತಿತ ಪಾಠವನ್ನು ಇನ್ನೊಂದರಲ್ಲಿ, ತಿದ್ದಿದ ಪಾಠವನ್ನು ಮೂರನೆಯದರಲ್ಲಿ ಇಡಬೇಕು. ಒಂದು ನಕಲು ಮನೆಯಲ್ಲಿ, ಒಂದು ವಿಭಾಗದಲ್ಲಿ. ಡಿಸ್ಕಿಗೆ ಕಾಗದದ ಚೀಟಿ ಸುತ್ತಿ ಮನೆತನದ ಹೆಸರು, ಊರು, ಬಿಚ್ಚಿದ ದಿನಾಂಕ ಬರೆಯುವುದು. ಹಾಡಿದವರ ಹೆಸರು ಕಡತದಲ್ಲಿ ಇಲ್ಲದಿದ್ದರೆ ಮನೆಯ ಹಿರಿಯರನ್ನು ಅಂದೇ ಕೇಳಿ ಅದೇ ಚೀಟಿಯಲ್ಲಿ ಸೇರಿಸುವುದು.