ಗರ್ಭಕಂಠದ ಕ್ಯಾನ್ಸರೂ ದಾಂಪತ್ಯವೂ

ಹೊಸಪೇಟೆಯ ಬಳಿಯ ಪಾಪಿನಾಯಕನಹಳ್ಳಿಯ ಗೃಹಿಣಿಯೊಬ್ಬಳು, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು, ಗುಣಹೊಂದಿ ಮರಳಿದಳೆಂದು ಭಾವಿಸೋಣ. ರೋಗ ನೀಗಿದರೂ ದಂಪತಿಗಳ ನಡುವೆ ಅಂತರ ಉಳಿಯುವುದುಂಟು. ಏಕೆ?

ವಿಕಿರಣವು ರೋಗದ ಕೋಶಗಳೊಡನೆ ಯೋನಿಯ ಅಂಗಾಂಶವನ್ನೂ ಅಂಡಾಶಯಗಳನ್ನೂ ಬಾಧಿಸುತ್ತದೆ. ಈಸ್ಟ್ರೊಜೆನ್ ಕುಂದುತ್ತದೆ, ಯೋನಿಯು ಒಣಗಿ ಸಂಕುಚಿಸಿ, ಸಮಾಗಮವು ನೋವಿನದಾಗುತ್ತದೆ. ನೋವಿಗಂಜಿ ಅವಳು ಹಿಂಜರಿದರೆ ಪತಿಯು ಅದನ್ನು ಅನಾದರವೆಂದು ಬಗೆಯಬಹುದು. ರೋಗವು ತನಗೂ ಅಂಟೀತೆಂಬ ಭೀತಿ ಅವನದು. ಈ ರೋಗಕ್ಕೆ ಮೂಲವಾದ ಪ್ಯಾಪಿಲೋಮಾ ವೈರಸ್ಸು ಲೈಂಗಿಕ ಸಂಪರ್ಕದಿಂದ ಹರಡುವುದು ನಿಜ. ಕ್ಯಾನ್ಸರಾದರೋ ಹಾಗೆ ಅಂಟುವುದಿಲ್ಲವೆಂಬುದನ್ನು ನಾವು ಅರಿಯಬೇಕು.

ಜಾರಿಕೆಯ ಲೇಪಗಳಿಂದಲೂ ಯೋನಿಯನ್ನು ಹಿಗ್ಗಿಸುವ ಸಾಧನಗಳಿಂದಲೂ ನೋವನ್ನು ತಗ್ಗಿಸಬಹುದು. ಆದರೆ ಅದಕ್ಕೆ ಮೊದಲು ದಂಪತಿಗಳಿಬ್ಬರೂ ಲಜ್ಜೆ ತೊರೆದು ವೈದ್ಯರನ್ನು ಕೇಳಬೇಕು.